ಕಾಬೂಲಿ ಕಡಲೆ ಗ್ರೇವಿಗೆ ಪಾಲಕ್ಕೋ, ಮೆಂತ್ಯ ಸೊಪ್ಪೋ?

ಕಡಲೆಯನ್ನು ರಾತ್ರಿಯೇ ನೆನೆಸಿ ಆಯ್ತು. ಇನ್ನು ಸೊಪ್ಪು ಯಾವುದು ಅನ್ನೋದೊಂದೇ ಪ್ರಶ್ನೆ, ಅಲ್ವಾ? ತುಪ್ಪ, ಮೊಸರು, ಕ್ರೀಮ್ ಯಾವುದೂ ಇಲ್ಲದ ಅಡುಗೆಯಲ್ಲಿ ಸೊಪ್ಪಿನ ಗುಣ ಎದ್ದು ಕಾಣುತ್ತದೆ.

ಪಾಲಕ್ ಸಾಧು ಸೊಪ್ಪು. ಮಸಾಲೆ ಹೇಳಿದಂತೆ ಕೇಳುತ್ತದೆ. ಆದರೆ ನೀರು ಜಾಸ್ತಿ ಬಿಡುತ್ತದೆ. ಬಾಣಲೆ ತುಂಬ ಹಾಕಿದ್ದು ಮೂರ್ನಾಲ್ಕು ನಿಮಿಷಕ್ಕೆ ಒಂದು ಹಿಡಿಯಾಗಿ ಕೂರುತ್ತದೆ! ಅದಕ್ಕೇ ಗ್ರೇವಿ ಗಟ್ಟಿಯಾದ ಮೇಲೆ, ಕೊನೆಗೆ ಸೇರಿಸಿ. ಮುಚ್ಚಳ ಹಾಕಬೇಡಿ, ಹಸಿರು ಮಂಕಾಗುತ್ತದೆ. ಆಮೇಲೂ ತೆಳುವಾಗಿದ್ದರೆ ಬೆಂದ ಕಡಲೆಯನ್ನೇ ಒಂದು ಸೌಟು ತೆಗೆದು ಮಸೆದು ಹಾಕಿ. ಬೇರೆ ಹಿಟ್ಟು ಸುಮ್ನೆ ಯಾಕೆ?

ಮೆಂತ್ಯದ್ದು ಬೇರೆ ಸ್ವಭಾವ. ಎಲೆ ಬಿಡಿಸುವುದೇ ಒಂದು ಕೆಲಸ, ದಪ್ಪ ದಂಟು ಬೇಡ. ಇದನ್ನು ಕೊನೆಗೆ ಹಾಕಿದರೆ ಹಸಿ ಕಹಿ ಉಳಿಯುತ್ತದೆ. ಈರುಳ್ಳಿ ಕೆಂಪಾದ ತಕ್ಷಣ ಎಣ್ಣೆಯಲ್ಲೇ ಹುರಿಯಿರಿ. ಎಲೆ ಮುದುಡಿ, ಘಮ ಬಂದ ಮೇಲೆ ಟೊಮೆಟೊ. ಉಳಿದ ಕಹಿಗೆ ಎಂಟ್ಹತ್ತು ಗೋಡಂಬಿ ನೆನೆಸಿ ರುಬ್ಬಿ ಹಾಕಿದರೆ ಸಾಕು. ತೆಂಗಿನಹಾಲೂ ಆಗುತ್ತದೆ, ಆದರೆ ಉರಿ ಸಣ್ಣದಿರಲಿ, ಜೋರಾಗಿ ಕುದಿಸಿದರೆ ಒಡೆಯುತ್ತದೆ.

ಮೊದಲ ಸಲ ಮಾಡುವವರಿಗೆ, ಮಕ್ಕಳಿರುವ ಮನೆಗೆ ಪಾಲಕ್. ಚಪಾತಿ ಜೊತೆಗಾದರೆ ನನ್ನ ಓಟು ಮೆಂತ್ಯಕ್ಕೆ. ಎರಡೂ ಬೇಕೆಂದರೆ ಎರಡು ಪಾಲು ಪಾಲಕ್, ಒಂದು ಪಾಲು ಮೆಂತ್ಯ. ಹಾಕುವ ಹೊತ್ತು ಮಾತ್ರ ಬೇರೆ ಬೇರೆ. ಇನ್ನು ಕಡಲೆ: ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿಲ್ಲದಿದ್ದರೆ ಯಾವ ಸೊಪ್ಪೂ ಕೈ ಹಿಡಿಯೋದಿಲ್ಲ.