ಕೋಳಿಮರಿ ತರುವ ಮೊದಲು ಹೊಟ್ಟಿನ ಚೀಲದ ತಳ ನೋಡಿ

30 ಮರಿ ತಂದಿದ್ದೆ. ಹತ್ತನೇ ದಿನಕ್ಕೆ 19 ಉಳಿದಿದ್ದವು. ರೋಗದ ಮರಿ ಕೊಟ್ಟುಬಿಟ್ಟರು ಅಂತ ಮಾರಿದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಮರಿಗಳ ಕಾಲ ಕೆಳಗೆ ನಾನೇ ಕೈಯಾರೆ ಹಾಸಿದ್ದು ಅವುಗಳನ್ನು ಕೊಂದಿತ್ತು.

ಬ್ರೂಡರ್ ಅಂದರೆ ಎಳೇ ಮರಿಗಳನ್ನು ಬಲ್ಬಿನ ಶಾಖದಲ್ಲಿ ಬೆಚ್ಚಗಿಡುವ ಗೂಡು. ಅದರ ಉಳಿದೆಲ್ಲ ವಿಷಯದಲ್ಲಿ ನಾನು ಭಾರೀ ಶಿಸ್ತು. ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬರುವವರೆಗೆ ಬಲ್ಬನ್ನು ಮೇಲೆ ಕೆಳಗೆ ಮಾಡುತ್ತಾ ಅರ್ಧ ದಿನ ಕಳೆದಿದ್ದೆ. ನೀರಿನ ತಟ್ಟೆಯಲ್ಲಿ ಮರಿ ಮುಳುಗಬಾರದು ಅಂತ ಸಣ್ಣ ಕಲ್ಲು ಹಾಕಿದ್ದೆ. ಹಾಸಿನ ಬಗ್ಗೆ ಮಾತ್ರ ಒಂದು ನಿಮಿಷವೂ ಯೋಚಿಸಲಿಲ್ಲ. ಹಳೇ ಪೇಪರ್ ರಾಶಿ ಬಿದ್ದಿತ್ತು, ಹಾಸಿದೆ. ಅಷ್ಟೇ.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಎರಡು ಮರಿ ನೆಲಕ್ಕೆ ಎದೆ ಕೊಟ್ಟು ಬಿದ್ದಿವೆ. ಕಾಲು ಎರಡೂ ಎರಡು ಕಡೆಗೆ, ಈಜುವ ಕಪ್ಪೆಯ ಹಾಗೆ. ಏಳಲು ನೋಡುತ್ತವೆ, ಜಾರುತ್ತವೆ, ಮತ್ತೆ ನೋಡುತ್ತವೆ. ಪೇಪರ್ ನಮಗೆ ನುಣುಪು ಅನಿಸುವುದಿಲ್ಲ. ಆದರೆ 40 ಗ್ರಾಂ ತೂಕದ ಮರಿಯ ಉಗುರಿಗೆ ಅದರಲ್ಲಿ ಹಿಡಿತವೇ ಸಿಗುವುದಿಲ್ಲ. ಮೇಲೆ ನೀರು, ಹಿಕ್ಕೆ ಬಿದ್ದರಂತೂ ಪಾಚಿ ಕಟ್ಟಿದ ಕಲ್ಲೇ ಸರಿ. ಎಳೇ ಕಾಲು ಹೀಗೆ ಜಾರಿ ಜಾರಿ ಅಗಲವಾಗಿಯೇ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರ ಇದೆ, ತಡ ಮಾಡಬಾರದು ಅಷ್ಟೇ. ಮೆತ್ತನೆಯ ಬ್ಯಾಂಡೇಜ್ ಪಟ್ಟಿಯಲ್ಲಿ ಎರಡೂ ಕಾಲಿಗೆ ಸಡಿಲವಾಗಿ ಬೇಡಿ ಹಾಕಿದ ಹಾಗೆ ಕಟ್ಟಿ, ನಡುವೆ ಒಂದು ಇಂಚಿನಷ್ಟು ಅಂತರ ಬಿಟ್ಟು, ಒರಟು ಬಟ್ಟೆಯ ಮೇಲೆ ಬಿಟ್ಟೆ. ಒಂದು ಮರಿ ನಾಲ್ಕನೇ ದಿನಕ್ಕೆ ನೆಟ್ಟಗೆ ನಿಂತಿತು. ಇನ್ನೊಂದು ಏಳಲೇ ಇಲ್ಲ.

ಈಗ ಬರುತ್ತದೆ ನೋಡಿ ನನ್ನ ದೊಡ್ಡ ತಪ್ಪು. ಗಾಬರಿಯಲ್ಲಿ ಪೇಪರ್ ಎತ್ತಿಸೆದು, ಮರಗೆಲಸದವರೊಬ್ಬರ ಹತ್ತಿರ ಓಡಿದೆ. ಎರಡು ಚೀಲ ಮರದ ಪುಡಿ ಸುಮ್ನೆ ಕೊಟ್ಟರು. ಒಣಗಿದೆ ತಾನೇ ಅಂತ ಕೇಳಿದೆ. ಹೂಂ ಅಂದರು. ಚೀಲದ ಬಾಯಿ ಬಿಚ್ಚಿ ಮೇಲಿನದನ್ನು ಮುಟ್ಟಿ ನೋಡಿದೆ, ಗರಿಗರಿ ಇತ್ತು. ತಂದು ಎರಡೂ ಚೀಲ ಸುರಿದೆ. ಸುರಿಯುವಾಗ ತಳದಿಂದ ಒಂದೆರಡು ಬೂದು ಬಣ್ಣದ ಹೆಂಟೆ ಬಿದ್ದವು. ಕೈಯಲ್ಲಿ ಹಿಸುಕಿದೆ, ಪುಡಿಯಾಯಿತು, ಹೊಗೆಯ ಹಾಗೆ ಧೂಳು ಎದ್ದಿತು. ಮುಗ್ಗಲು ವಾಸನೆ ಬಂದಿತ್ತು. ಹೌದು, ಬಂದಿತ್ತು. ಬಲ್ಬಿನ ಶಾಖಕ್ಕೆ ಒಣಗುತ್ತೆ ಬಿಡು ಅಂದುಕೊಂಡೆ.

ಆ ಸಂಜೆ ಮರಿಗಳು ಪುಡಿಯನ್ನು ಕುಕ್ಕಿ ತಿನ್ನುತ್ತಿದ್ದವು. ಮುದ್ದಾಗಿ ಕಾಣಿಸಿ ಫೋಟೋ ಬೇರೆ ತೆಗೆದೆ!

ಐದಾರು ದಿನಕ್ಕೆ ಒಂದೊಂದಾಗಿ ಮಂಕಾಗತೊಡಗಿದವು. ಕತ್ತು ಮುಂದಕ್ಕೆ ಚಾಚಿ, ಕೊಕ್ಕು ತೆರೆದು ಉಸಿರು ಎಳೆಯುತ್ತಿದ್ದವು. ಗೊರಗೊರ ಸದ್ದೇ ಇಲ್ಲ. ಸೆಕೆ ಆಗಿರಬೇಕು ಅಂತ ಬಲ್ಬ್ ಮೇಲೆತ್ತಿದೆ. ಆದರೆ ಸೆಕೆಯಾದ ಮರಿ ಬಲ್ಬಿನಿಂದ ದೂರ ಹೋಗಿ ರೆಕ್ಕೆ ಬಿಚ್ಚಿ ಕೂರುತ್ತದೆ. ಇವು ಬಲ್ಬಿನ ಕೆಳಗೇ ಮುದುಡಿಕೊಂಡು ಬಾಯಿ ಬಿಡುತ್ತಿದ್ದವು. ಆ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಸತ್ತ ನಾಲ್ಕು ಮರಿಗಳನ್ನು ಪಶುವೈದ್ಯರ ಹತ್ತಿರ ಒಯ್ದೆ. ಅವರು ಕೊಯ್ದು ತೋರಿಸಿದರು. ಗುಲಾಬಿ ಬಣ್ಣ ಇರಬೇಕಾದ ಶ್ವಾಸಕೋಶದ ತುಂಬ ಗುಂಡುಸೂಜಿ ತಲೆಯಷ್ಟು ಹಳದಿ ಬಿಳಿ ಗಂಟುಗಳು. ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟು. ರೋಗದ ಹೆಸರೇ ಬ್ರೂಡರ್ ನ್ಯುಮೋನಿಯಾ. ಒಂದು ಮರಿಯ ಹೊಟ್ಟೆಯಲ್ಲಿ ಮಾತ್ರ ಬೇರೆ ಕಥೆ ಇತ್ತು. ಒಳಗೆ ಒತ್ತಿ ತುಂಬಿದ್ದು ಬರೀ ಮರದ ಪುಡಿ. ಹಿಂದಿನ ದಿನ ಅದೇ ಮರಿಯ ಕತ್ತಿನ ಚೀಲ ಮುಟ್ಟಿ, ಗುಂಡಗಿದೆ, ಚೆನ್ನಾಗಿ ತಿಂದಿದೆ ಅಂತ ಖುಷಿಪಟ್ಟಿದ್ದೆ.

ಔಷಧಿ ಕೊಡಿ ಅಂದೆ. ಶ್ವಾಸಕೋಶದಲ್ಲಿ ಗಂಟು ಕಟ್ಟಿದ ಮೇಲೆ ಮರಿಗಳಿಗೆ ಕೊಡುವಂಥ ಮದ್ದಿಲ್ಲ, ಹಾಸು ಬದಲಿಸಿ ಅಂದರು. ಇದು ಮರಿಯಿಂದ ಮರಿಗೆ ಅಂಟುವ ರೋಗವಲ್ಲ. ಎಲ್ಲವೂ ಒಂದೇ ಹಾಸಿನ ಧೂಳನ್ನು ಉಸಿರಾಡುವುದರಿಂದ ಒಟ್ಟಿಗೆ ಬೀಳುತ್ತವೆ. ಒಣಗಿಸಿದರೂ ಪ್ರಯೋಜನ ಇಲ್ಲವಂತೆ. ಒಣಗಿದ ಬೂಷ್ಟು ಇನ್ನೂ ಸಲೀಸಾಗಿ ಗಾಳಿಗೆ ಏಳುತ್ತದೆ. ನಾನು ಬಲ್ಬಿಟ್ಟು ಮಾಡಿದ್ದು ಅದನ್ನೇ ಅಲ್ವಾ? ಎತ್ತಿ ಹಾಕುವಾಗ ಮಾಸ್ಕ್ ಹಾಕಿಕೊಳ್ಳಿ ಅಂತಲೂ ಹೇಳಿದರು, ಆ ಧೂಳು ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಎಲ್ಲ ಎತ್ತಿ, ತೊಳೆದು, ಒಣಗಿಸಿ, ಬೇರೆ ಹಾಸು ಹಾಕಿದ ಮೇಲೂ ಎರಡು ದಿನ ಮರಿ ಸತ್ತವು.

ಈಗ ನಾನು ಹಾಕುವುದು ಮರ ಕೀಸಿದಾಗ ಬರುವ ದಪ್ಪ ಸುರುಳಿ ಸಿಪ್ಪೆ. ಪುಡಿ ಅಲ್ಲ, ಸಿಪ್ಪೆ. ಅದು ಸಿಗದಿದ್ದರೆ ಒಣ ಭತ್ತದ ಹೊಟ್ಟು. ಎರಡು ಮೂರು ಇಂಚು ದಪ್ಪ. ಮರಿ ಬರುವ ಹಿಂದಿನ ದಿನವೇ ಹಾಸಿ ಬಲ್ಬ್ ಹಚ್ಚಿಡುತ್ತೇನೆ, ತಣ್ಣಗಿನ ಹಾಸಿನ ಮೇಲೆ ಮರಿ ಬಿಟ್ಟರೆ ಕಾಲಿನಿಂದಲೇ ಚಳಿ ಏರುತ್ತದೆ. ಮೊದಲ ಎರಡು ಮೂರು ದಿನ ಹೊಟ್ಟಿನ ಮೇಲೆ ಒರಟು ಟಿಶ್ಯೂ ಪೇಪರ್ ಹಾಸಿ, ಅದರ ಮೇಲೇ ಒಂದಿಷ್ಟು ಮೇವು ಚೆಲ್ಲುತ್ತೇನೆ. ಹುಟ್ಟಿದ ಮರಿಯ ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿ ಭಾಗ ಎರಡು ಮೂರು ದಿನ ಅದನ್ನು ಸಾಕುತ್ತದೆ. ಅಷ್ಟರಲ್ಲಿ ಮೇವು ಯಾವುದು, ಹೊಟ್ಟು ಯಾವುದು ಅಂತ ಅದಕ್ಕೆ ಗೊತ್ತಾಗಬೇಕು.

ಪ್ಲೈವುಡ್ ಕೊಯ್ದ ಪುಡಿ, ಗೆದ್ದಲು ಮದ್ದು ಬಳಿದ ಮರದ ಪುಡಿ ಮುಟ್ಟುವುದಿಲ್ಲ. ದೇವದಾರುವಿನಂಥ ಘಾಟು ವಾಸನೆಯ ಮರವೂ ಬೇಡ. ಇನ್ನೊಂದು ಮಾತು, ಒಣ ಸಿಪ್ಪೆ ಮತ್ತು ಬಿಸಿ ಬಲ್ಬ್ ಎಂದರೆ ಬೆಂಕಿಗೆ ಆಹ್ವಾನ. ಬಲ್ಬನ್ನು ವೈರಿನಿಂದ ಮಾತ್ರ ನೇತುಹಾಕಬೇಡಿ, ಸರಪಳಿಯನ್ನೂ ಕಟ್ಟಿ.

ನೀರಿನ ತಟ್ಟೆಯ ಸುತ್ತ ದಿನಾ ಒಂದು ಹಿಡಿ ಹೊಟ್ಟು ಹಿಂಡಿ ನೋಡುತ್ತೇನೆ. ಕೈ ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಅಷ್ಟು ಭಾಗ ತೆಗೆದು ಹೊಸದು. ಒದ್ದೆ ಹಾಸಿನಲ್ಲೇ ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮ ಪರಾವಲಂಬಿ ಹೆಚ್ಚುವುದು. ಮೂಗನ್ನು ಮರಿಗಳ ಮಟ್ಟಕ್ಕೆ ಬಗ್ಗಿಸಿ ಉಸಿರು ಎಳೆದುಕೊಳ್ಳುತ್ತೇನೆ ಕೂಡ. ನಿಂತಾಗ ಗೊತ್ತಾಗದ ಅಮೋನಿಯಾ ಘಾಟು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಮೊನ್ನೆ ಹೊಸ ಮರಿಗಳಿಗೆ ಅಂತ ಮೂರು ಚೀಲ ಹೊಟ್ಟು ತಂದೆ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಒಂದೊಂದನ್ನೂ ಪೂರ್ತಿ ಸುರಿದು, ತಳದ್ದನ್ನು ಕೈಯಲ್ಲಿ ತೆಗೆದುಕೊಂಡು ಮೂಸಿದೆ. ಮೂರನೆಯದರಲ್ಲಿ ಬೂದು ಬಣ್ಣದ ಒಂದೇ ಒಂದು ಹೆಂಟೆ ಸಿಕ್ಕಿತು. ಹಿಸುಕಲಿಲ್ಲ. ಚೀಲವನ್ನು ಹಾಗೇ ಕಟ್ಟಿ ವಾಪಸ್ ಕಳಿಸಿದೆ.