ಸೆಕೆಂಡ್ ಹ್ಯಾಂಡ್ ಆಡಿ ಟಿಟಿ: ದಾವಣಗೆರೆಯಲ್ಲಿ ಇಟ್ಟುಕೊಳ್ಳುವವರು ಮೊದಲು ನೋಡಬೇಕಾದ್ದು

ಮೂರನೇ ತಲೆಮಾರಿನ ಟಿಟಿ 2015ರಲ್ಲಿ ಭಾರತಕ್ಕೆ ಬಂದಾಗ 60 ಲಕ್ಷ ದಾಟಿದ್ದ ಕಾರು. ಈಗ ಅದಕ್ಕಿಂತ ಎಷ್ಟೋ ಕಡಿಮೆಗೆ ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಸಿಗುತ್ತದೆ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಹಾರ್ಸ್‌ಪವರ್, ಎಸ್ ಟ್ರಾನಿಕ್ ಅನ್ನುವ ಎರಡು ಕ್ಲಚ್ಚಿನ, ಆರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕೂ ಚಕ್ರ ಎಳೆಯುವ ಕ್ವಾಟ್ರೊ. ನಿಂತಲ್ಲಿಂದ ನೂರು ಮುಟ್ಟಲು 5.3 ಸೆಕೆಂಡ್ ಸಾಕು. ಓಡಿಸುವ ಸುಖಕ್ಕೆ ಒಳ್ಳೆಯ ಟಿಟಿ ಪೂರ್ತಿ ಅಂಕ ಗಿಟ್ಟಿಸುತ್ತದೆ. ಬಾಳಿಕೆಯ ಮಾತು ಬಂದರೆ ಎಲ್ಲವೂ ಹಿಂದಿನ ಮಾಲೀಕರು ಆಯಿಲಿಗೆ ಖರ್ಚು ಮಾಡಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಬ್ರೋಕರುಗಳು ಮೊದಲು ಮೀಟರ್ ತೋರಿಸುತ್ತಾರೆ. ಕೇಳಬೇಕಾದ್ದು ಬಿಲ್ಲು. 30,000 ಕಿ.ಮೀ. ಓಡಿ ಎಂಜಿನ್ ಆಯಿಲ್ ಬಿಟ್ಟು ಬೇರೇನೂ ಬದಲಾಗದ ಗಾಡಿಗಿಂತ, 75,000 ಓಡಿ ಎಲ್ಲದಕ್ಕೂ ಬಿಲ್ ಇಟ್ಟುಕೊಂಡಿರುವ ಗಾಡಿ ಎಷ್ಟೋ ಮೇಲು.

ಮೊದಲನೆಯದು ಗೇರ್‌ಬಾಕ್ಸ್. ಇದರ ಎರಡೂ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತವೆ. ಕ್ಲಚ್ ಸವೆದ ಪುಡಿ ಅದೇ ಆಯಿಲಿಗೆ ಸೇರಿ, ಗೇರ್ ಹಾಕಿಸುವ ಮೆಕಾಟ್ರಾನಿಕ್ ಯೂನಿಟ್ಟಿನ ಸಣ್ಣ ವಾಲ್ವುಗಳಿಗೆ ಹೋಗುತ್ತದೆ. ಅದಕ್ಕೇ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಾಗಿರಬೇಕು. ಹೊಸ ಆಯಿಲ್ ಸುಮಾರು 5 ಲೀಟರ್ ಹಿಡಿಯುತ್ತದೆ. ಆದರೆ ಅಳತೆ ಮಾಡಿ ಸುರಿದರೆ ಕೆಲಸ ಮುಗಿಯಲಿಲ್ಲ. ಎಂಜಿನ್ ಚಾಲೂ ಇದ್ದು, ಆಯಿಲಿನ ಬಿಸಿ 35ರಿಂದ 50 ಡಿಗ್ರಿಯೊಳಗೆ ಇರುವಾಗ, ಕೆಳಗಿನ ಕೊಳವೆಯಿಂದ ಹೆಚ್ಚಿನದು ತೊಟ್ಟಿಕ್ಕಿ ನಿಲ್ಲಬೇಕು. ಸ್ಕ್ಯಾನರ್ ಹಾಕಿ ಈ ಬಿಸಿ ನೋಡದೆ ಬೋಲ್ಟ್ ಬಿಗಿಯುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಎರಡನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಅನ್ನುವ ಕ್ಲಚ್ ಯೂನಿಟ್ ಹಿಂದಿನ ಆಕ್ಸಲ್ ಹತ್ತಿರ ಕೂತಿರುತ್ತದೆ. ಅದರ ಆಯಿಲ್ ಒಂದು ಲೀಟರಿಗೂ ಕಡಿಮೆ. ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಈ ತಲೆಮಾರಿನ ಹಾಲ್ಡೆಕ್ಸಿನಲ್ಲಿ ಬಿಚ್ಚಿ ಎಸೆಯುವ ಫಿಲ್ಟರ್ ಇಲ್ಲ, ಪಂಪಿನ ಬಾಯಿಗೆ ಸಣ್ಣ ಜಾಲರಿ ಮಾತ್ರ ಇದೆ. ಬರೀ ಆಯಿಲ್ ಬದಲಾಯಿಸಿ ಪಂಪ್ ಹೊರತೆಗೆಯದಿದ್ದರೆ ಆ ಜಾಲರಿಗೆ ಕ್ಲಚ್ಚಿನ ಕಪ್ಪು ರಾಡಿ ಮೆತ್ತಿಕೊಂಡೇ ಇರುತ್ತದೆ. ಪಂಪ್ ಉಸಿರುಕಟ್ಟಿ ದುಡಿದು ಕೊನೆಗೆ ಸುಟ್ಟುಹೋಗುತ್ತದೆ. ಎಷ್ಟೋ ಸಲ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತುವುದಿಲ್ಲ. ಗಾಡಿ ಸುಮ್ಮನೆ ಮುಂದಿನ ಎರಡು ಚಕ್ರದಲ್ಲಿ ಓಡುತ್ತಿರುತ್ತದೆ, ಮಾಲೀಕರಿಗೆ ಗೊತ್ತೂ ಆಗುವುದಿಲ್ಲ. ಬಿಲ್ಲಿನಲ್ಲಿ ‘ಹಾಲ್ಡೆಕ್ಸ್ ಆಯಿಲ್’ ಅಂತ ಇದ್ದರೂ ಜಾಲರಿ ತೊಳೆದಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಟಯರುಗಳೂ ಇದಕ್ಕೆ ಸಂಬಂಧಪಟ್ಟಿವೆ. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಬೋಳು ಟಯರ್ ಇದ್ದರೆ ಹಾಲ್ಡೆಕ್ಸಿನ ಕ್ಲಚ್ ಸುಮ್ಮಸುಮ್ಮನೆ ಸವೆಯುತ್ತದೆ.

ಮೂರನೆಯದು ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ನೇರ ತಾಗುವ ವಿಷಯ: ವಾಟರ್ ಪಂಪ್. ಪಂಪ್ ಮತ್ತು ಥರ್ಮೋಸ್ಟಾಟ್ ಎರಡೂ ಒಂದೇ ಪ್ಲಾಸ್ಟಿಕ್ ಹೌಸಿಂಗಿನಲ್ಲಿವೆ. ಕಾದು ಆರಿ, ಕಾದು ಆರಿ ಅದು ಸೊಟ್ಟಗಾಗಿ ಗ್ಯಾಸ್ಕೆಟ್ ಬಳಿ ಜಿನುಗಲು ಶುರುವಾಗುತ್ತದೆ. ಇದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿರುವುದರಿಂದ ಬಾನೆಟ್ ಎತ್ತಿದ ತಕ್ಷಣ ಕಾಣುವುದಿಲ್ಲ. ಟಾರ್ಚ್ ಹಿಡಿದು ಗೇರ್‌ಬಾಕ್ಸ್ ಬದಿಯಲ್ಲಿ ಕೆಳಗೆ ನೋಡಿ. ಒಣಗಿದ ಗುಲಾಬಿ ಬಣ್ಣದ ಕಲೆ ಇದ್ದರೆ ಅದು ಕೂಲೆಂಟೇ. ‘ಸ್ವಲ್ಪ ಟಾಪ್‌ಅಪ್ ಮಾಡಿದರೆ ಸಾಕು’ ಅನ್ನುವ ಮಾತು ನಂಬಬೇಡಿ. ಪೂರ್ತಿ ಹೌಸಿಂಗ್ ಮತ್ತು ಅದರ ಸಣ್ಣ ಬೆಲ್ಟ್ ಒಟ್ಟಿಗೆ ಹಾಕಿಸಿ, ಆ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಎಂಜಿನ್ ಆಯಿಲ್ ಕುಡಿಯುತ್ತದಾ ಅಂತಲೂ ಕೇಳಿ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ತನಕ ಕಂಪನಿಯೇ ಒಪ್ಪುತ್ತದೆ. ಅದಕ್ಕೂ ಹೆಚ್ಚಾದರೆ ಬಿಟ್ಟುಬಿಡಿ.

ಬಿಡಿಭಾಗದ ಚಿಂತೆ ಜನ ಅಂದುಕೊಂಡಷ್ಟಿಲ್ಲ. ಟಿಟಿ ತಯಾರಿಕೆ 2023ರ ನವೆಂಬರಿನಲ್ಲಿ ನಿಂತುಹೋಯಿತು, ನಿಜ. ಆದರೆ 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ಯಲ್ಲೂ ಇದೇ ಕುಟುಂಬದ ಎಂಜಿನ್, ಇದೇ ಬಗೆಯ ಆರು ಗೇರಿನ ಬಾಕ್ಸ್ ಇದೆ. ಪಾರ್ಟ್ ನಂಬರ್ ತಾಳೆ ನೋಡಿ ತಂದರೆ ಎಷ್ಟೋ ಸಾಮಾನು ಹೊಂದುತ್ತದೆ, ಆರ್‌ಎಸ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ಕಿಗೆ ಟಿಟಿ ಹೊಸದೇನಲ್ಲ. ನಿಜವಾಗಿ ದುಬಾರಿ ಬೀಳುವುದು ಟಿಟಿಗಷ್ಟೇ ಸೇರಿದ ಬಾಡಿ ಭಾಗಗಳು: ಹೆಡ್‌ಲೈಟ್, ಬಾಗಿಲು, 12.3 ಇಂಚಿನ ಮೀಟರ್ ಪರದೆ. ಗುದ್ದಿಸಿಕೊಂಡ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ರೀಮ್ಯಾಪ್ ಮಾಡಿಸಿದ್ದೂ, ಅಂದರೆ ಎಂಜಿನ್ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸಿದ್ದೂ ಬೇಡ, ಹೆಚ್ಚಿದ ಟಾರ್ಕಿನ ಭಾರ ಹೊರುವುದು ಅದೇ ಕ್ಲಚ್ಚುಗಳು.

ಹಳೆಯ, ಎರಡನೇ ತಲೆಮಾರಿನ ಟಿಟಿ ಇನ್ನೂ ಅಗ್ಗ. ಟೈಮಿಂಗ್ ಬೆಲ್ಟ್ ಇರುವ 200 ಹಾರ್ಸ್‌ಪವರ್ ಎಂಜಿನ್ ಆಗಿದ್ದರೆ ಹೈಪ್ರೆಶರ್ ಫ್ಯೂಯಲ್ ಪಂಪ್ ಬಿಚ್ಚಿಸಿ ಒಳಗಿನ ಕ್ಯಾಮ್ ಫಾಲೋವರ್, ಅಂದರೆ ಪಂಪಿಗೂ ಕ್ಯಾಮ್‌ಶಾಫ್ಟಿಗೂ ನಡುವೆ ಕೂತ ಸಣ್ಣ ಲೋಹದ ಬಟ್ಟಲು, ನೋಡಲೇಬೇಕು. ಅದರ ತಲೆ ಸವೆದು ತೂತಾದರೆ ಕ್ಯಾಮ್‌ಶಾಫ್ಟೂ ಹಾಳು. ಚೈನ್ ಇರುವ ಎಂಜಿನ್ ಆದರೆ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡ್ ಗರಗರ ಸದ್ದು ಬಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮೇಲೆ ಅನುಮಾನಪಡಿ.

ಟೆಸ್ಟ್ ಡ್ರೈವಿಗೆ ಹೈವೇ ಒಂದೇ ಸಾಲದು. ಮೊದಲು ಸಂಜೆಯ ಪಿ.ಬಿ. ರೋಡಿನ ಟ್ರಾಫಿಕ್ಕಿನಲ್ಲಿ ತೆವಳಿಸಿ. ಒಂದು, ಎರಡನೇ ಗೇರಿನ ನಡುವೆ ಜರ್ಕ್ ಹೊಡೆದರೆ, ನಿಂತಲ್ಲಿಂದ ಹೊರಡುವಾಗ ನಡುಗಿದರೆ ಗೇರ್‌ಬಾಕ್ಸ್ ಮಾತಾಡುತ್ತಿದೆ ಅಂತಲೇ ಅರ್ಥ. ಆಮೇಲೆ ಹರಿಹರದ ಕಡೆ ಹೋಗಿ ಬನ್ನಿ. ಖಾಲಿ ಜಾಗ ಸಿಕ್ಕಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಹಿಂದಿನಿಂದ ಹಿಡಿದೆಳೆದ ಹಾಗೆ ಅನಿಸಬಾರದು. ವಾಪಸ್ ಬಂದ ಮೇಲೆ ಗಾಡಿಯ ಎಲ್ಲ ಕಂಪ್ಯೂಟರುಗಳ ಎರರ್ ಓದುವ ವಿಸಿಡಿಎಸ್ ಅಥವಾ ಓಬಿಡಿ ಇಲೆವೆನ್ ಸ್ಕ್ಯಾನರ್ ಹಾಕಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ ಬಿಟ್ಟು ಬೇರೇನೂ ಓದುವುದಿಲ್ಲ. ಒಂದೂ ಎರರ್ ಇಲ್ಲದೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೆಡಿನೆಸ್ ಟೆಸ್ಟುಗಳೂ ಪೂರ್ತಿಯಾಗದೆ ಇದ್ದರೆ ಈಗಷ್ಟೇ ಎಲ್ಲ ಅಳಿಸಿದ್ದಾರೆ ಅಂತ ತಿಳಿಯಿರಿ.

ಹೊರರಾಜ್ಯದ ಗಾಡಿಯಾದರೆ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಟ್ಯಾಕ್ಸ್ ಲೆಕ್ಕ ಹಾಕಿಸಿ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಶೇ. 18, ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಅದರಲ್ಲಿ ಕಡಿತ. ದೆಹಲಿಯ ಅಗ್ಗದ ಬೆಲೆಗೆ ಈ ಮೊತ್ತ, ಎನ್‌ಒಸಿ, ಸಾಗಣೆ ಎಲ್ಲ ಸೇರಿಸಿದರೆ ಕೆಎ ನಂಬರಿನ ಗಾಡಿಯೇ ಲಾಭ ಅನಿಸುವುದು ಹೆಚ್ಚು.

ಊರೊಳಗೆ ಮುಂದಿನ ಬಂಪರ್ ತೀರಾ ತಗ್ಗು. ಬಡಾವಣೆಗಳ ಎತ್ತರದ ಹಂಪ್ಸ್ ಅಡ್ಡಡ್ಡ ಹತ್ತಿಸಿ ಇಳಿಸಬೇಕು, ಕೊಳ್ಳುವ ಮೊದಲು ಕೆಳಗಿನ ಪ್ಲಾಸ್ಟಿಕ್ ಕವರ್ ಇದೆಯಾ ನೋಡಿ. ಬೆಂಗಳೂರು ಇಲ್ಲಿಂದ ಸುಮಾರು 260 ಕಿ.ಮೀ. ಹೈವೇಯಲ್ಲಿ ಕೈಕೊಟ್ಟರೆ ಮುಂದಿನ ಚಕ್ರ ಎತ್ತಿ ಎಳೆದೊಯ್ಯುವ ಟೋಯಿಂಗ್ ಗಾಡಿಗೆ ಕೊಡಬೇಡಿ, ಹಿಂದಿನ ಚಕ್ರ ನೆಲದ ಮೇಲೆ ಉರುಳಿದರೆ ಹಾಲ್ಡೆಕ್ಸ್‌ಗೆ ಪೆಟ್ಟು. ನಾಲ್ಕೂ ಚಕ್ರ ಮೇಲೇರಿಸುವ ಫ್ಲಾಟ್‌ಬೆಡ್ಡೇ ಬೇಕು. ಇನ್ಶೂರೆನ್ಸ್ ಮಾಡಿಸುವಾಗ ರೋಡ್‌ಸೈಡ್ ಅಸಿಸ್ಟೆನ್ಸಿನಲ್ಲಿ ಫ್ಲಾಟ್‌ಬೆಡ್ ಸೇರಿದೆಯಾ, ಎಷ್ಟು ಕಿ.ಮೀ. ತನಕ ಕೊಡುತ್ತಾರೆ ಅಂತ ಬರಹದಲ್ಲಿ ತೆಗೆದುಕೊಳ್ಳಿ.