ಬಯಲಿನಲ್ಲೇ ಬೆಳೆದ ಹೂಗಿಡಗಳು: ಪೆರ್ಲದ ಕಡೆಯ ಒಂದು ನರ್ಸರಿ

ಮರದ ನೆರಳಿಲ್ಲದ ಅಂಗಳದಲ್ಲಿ ಎದೆಯೆತ್ತರಕ್ಕೆ ಬೆಳೆದು ವರ್ಷವರ್ಷವೂ ಹೂಬಿಡುವ ಗಿಡಗಳನ್ನು ಹುಡುಕುವವರಿಗೆ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಈ ಸಣ್ಣ ನರ್ಸರಿಯನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಕಾಬಾಳೆ (ಕ್ಯಾನಾ), ಹೆಲಿಕೋನಿಯಾ, ಪೆಂಟಾಸ್, ಸುಗಂಧರಾಜ ಇವೆಲ್ಲವನ್ನೂ ಇಲ್ಲಿ ನೆರಳಿನ ಹಸಿರು ಬಲೆಯಡಿ ಇಡದೆ ಬಯಲಿನಲ್ಲೇ ಬೆಳೆಸುತ್ತಾರೆ. ಬಲೆಯಡಿ ಚಿಗುರಿದ ಗಿಡದ ಎಲೆ ಅಗಲವಾಗಿ, ಕಡುಹಸಿರಾಗಿ ಕಣ್ಸೆಳೆಯುತ್ತದೆ ನಿಜ. ಆದರೆ ಅದನ್ನು ನಮ್ಮೂರಿನ ಮಾರ್ಚ್ ತಿಂಗಳ ಬಿಸಿಲಿಗೆ ತಂದು ನೆಟ್ಟರೆ ಎಲೆಯಂಚು ಸುಟ್ಟುಹೋಗಿ, ಹೊಸ ಎಲೆ ಬರುವವರೆಗೂ ಗಿಡ ಸೊರಗಿ ನಿಲ್ಲುತ್ತದೆ. ಇಲ್ಲಿಂದ ತಂದ ಗಿಡಗಳಿಗೆ ಆ ತೊಂದರೆಯಾಗಲಿಲ್ಲ.

ಕಾಬಾಳೆ ಕೊಡುವ ರೀತಿಯಂತೂ ಬಹಳ ಮೆಚ್ಚುಗೆಯಾಯಿತು. ಗಡ್ಡೆಯನ್ನು ಕಿತ್ತು, ಪ್ರತಿ ತುಂಡಿನಲ್ಲೂ ಎರಡೋ ಮೂರೋ ಮೊಳಕೆಕಣ್ಣು ಉಳಿಯುವಂತೆ ಕೊಯ್ದು, ಕೊಯ್ದ ಜಾಗಕ್ಕೆ ಒಲೆಬೂದಿ ಸವರಿ, ಹಳೆಯ ಕಾಗದದಲ್ಲಿ ಸುತ್ತಿ ಕೊಟ್ಟರು. ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ಗುಂಡಿ ತೋಡಿ ನೆಟ್ಟರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ನಿಂತು ಗಡ್ಡೆ ಕೊಳೆಯುತ್ತದೆ, ಆದ್ದರಿಂದ ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಸೇರಿಸಿ ಏರಿ ಮಾಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಾದರೂ ಬಿಟ್ಟು ನೆಡಬೇಕೆಂದು ಕೇಳುವ ಮೊದಲೇ ತಿಳಿಸಿದರು. ಹೂ ಮುಗಿದ ದಂಟನ್ನು ಬುಡದಲ್ಲೇ ಕಡಿದರೆ ಬದಿಯಿಂದ ಬರುವ ಮರಿಗಳು ಬೇಗ ಏಳುತ್ತವೆ ಎಂಬ ಅವರ ಮಾತೂ ನಮ್ಮ ಅಂಗಳದಲ್ಲಿ ಸರಿಯಾಗಿಯೇ ನಡೆದಿದೆ.

ಇಲ್ಲಿನ ಕೃಷ್ಣಕಿರೀಟವೂ ಚೆನ್ನಾಗಿದೆ. ಗೋಪುರದಂತೆ ಏರುವ ಅದರ ಕೆಂಪು ಗೊಂಚಲಿಗೆ ದೊಡ್ಡ ಚಿಟ್ಟೆಗಳು ಹುಡುಕಿಕೊಂಡು ಬರುತ್ತವೆ. ಆದರೆ ಬೇರಿನಿಂದಲೇ ಮರಿಯೊಡೆದು ಹಬ್ಬುವ ಗಿಡವದು. ಬೇಲಿಯ ಬದಿಗೆ ನೆಡುವುದೇ ಲೇಸು, ಇದನ್ನು ಮಾತ್ರ ಅವರು ಹೇಳಲಿಲ್ಲ.

ಇನ್ನೊಂದು ಕೊರತೆ, ಗಿಡಗಳಿಗೆ ಹೆಸರಿನ ಚೀಟಿಯಿಲ್ಲದಿರುವುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸುಗಂಧರಾಜದಲ್ಲಿ ಶೃಂಗಾರ್, ಪ್ರಜ್ವಲ್, ಸುವಾಸಿನಿ ಮುಂತಾದ ತಳಿಗಳನ್ನು ಕೊಟ್ಟಿದೆ. ಮೊದಲಿನ ಎರಡು ಒಂಟಿ ಸುತ್ತಿನ ಎಸಳಿನವು, ಮಾಲೆಗೆ ಬೇಕಾದವು; ಸುವಾಸಿನಿ ಬಹುಸುತ್ತಿನದು. ಮಾಲೆ ಕಟ್ಟುವ ಮನೆಯವರಿಗೆ ಈ ವ್ಯತ್ಯಾಸ ಮುಖ್ಯ, ಆದರೆ ಇಲ್ಲಿ ಎಲ್ಲ ಗಡ್ಡೆಗಳೂ ಒಂದೇ ಬುಟ್ಟಿಯಲ್ಲಿವೆ. ಕಾಬಾಳೆಯ ಬಣ್ಣವನ್ನೂ ನೆನಪಿನಿಂದಲೇ ಹೇಳುತ್ತಾರೆ. ಹಾಗಾಗಿ ಹೂವಿರುವ ಗಿಡವನ್ನೇ ತೋರಿಸಿ, ಅದರ ಬುಡದಿಂದಲೇ ಗಡ್ಡೆ ಕೀಳಿಸಿಕೊಳ್ಳುವುದು ಒಳ್ಳೆಯದು. ಹಾಗೆ ಕೇಳಿದರೆ ಬೇಸರಪಡದೆ ಹಾರೆ ಹಿಡಿದು ಬರುತ್ತಾರೆ.